ಪೀಟರ್‌ನನ್ನು ಬೆಳೆಯಲು ಬಿಟ್ಟ ಚಿತ್ರಕಾರ

1962ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮಕ್ಕಳ ಚಿತ್ರಪುಸ್ತಕ ‘ದಿ ಸ್ನೋಯಿ ಡೇ’ಯ ಕಥೆ ತೀರಾ ಸಣ್ಣದು. ರಾತ್ರಿಯಿಡೀ ಹಿಮ ಬಿದ್ದ ನಗರದಲ್ಲಿ ಪೀಟರ್ ಎಂಬ ಪುಟ್ಟ ಹುಡುಗ ಕೆಂಪು ಉಡುಪು ತೊಟ್ಟು ಹೊರಗೆ ಹೋಗುತ್ತಾನೆ, ಮನಸಾರೆ ಆಡುತ್ತಾನೆ. ನಾಳೆಗಿರಲಿ ಎಂದು ಜೇಬಿನಲ್ಲಿಟ್ಟುಕೊಂಡ ಹಿಮದುಂಡೆ ಮನೆಯ ಬಿಸಿಗೆ ಕರಗಿಹೋಗುತ್ತದೆ. ಪೀಟರ್ ಕಪ್ಪು ಹುಡುಗ. ಆದರೆ ಕಥೆಯ ಮಾತುಗಳಲ್ಲಿ ಅದು ಒಮ್ಮೆಯೂ ಬರುವುದಿಲ್ಲ, ಚಿತ್ರದಲ್ಲಷ್ಟೇ ಕಾಣುತ್ತದೆ. ಕಥೆ ಬರೆದು ಚಿತ್ರಿಸಿದ ಎಜ್ರಾ ಜಾಕ್ ಕೀಟ್ಸ್ ಅವರಿಗೆ ಸಿಕ್ಕ ಕೀರ್ತಿಗೂ ಅವರು ಎದುರಿಸಿದ ಟೀಕೆಗೂ ಕಾರಣ ಇದೇ.

ಕೀಟ್ಸ್ 1916ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದರು. ಪೋಲೆಂಡಿನಿಂದ ವಲಸೆ ಬಂದ ಬಡ ಯಹೂದಿ ಕುಟುಂಬ; ಹುಟ್ಟುಹೆಸರು ಜೇಕಬ್ ಎಜ್ರಾ ಕಾಟ್ಸ್. ತಂದೆ ಹೋಟೆಲಿನಲ್ಲಿ ಮಾಣಿ. ಚಿತ್ರ ನಂಬಿಕೊಂಡರೆ ಹೊಟ್ಟೆ ತುಂಬದು ಎಂದು ಅವರಿಗೆ ಭಯ, ಆದರೂ ಮಗನಿಗೆ ಬಣ್ಣದ ಟ್ಯೂಬುಗಳನ್ನು ತಂದುಕೊಡುತ್ತಿದ್ದರು. 1935ರಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡಾಗ ಶವ ಗುರುತಿಸಲು ಹೋದವನು ಮಗನೇ. ತಂದೆಯ ಪರ್ಸಿನಲ್ಲಿ ತನಗೆ ಬಂದ ಬಹುಮಾನಗಳ ಪತ್ರಿಕಾ ತುಣುಕುಗಳು ಮಡಿಸಿಟ್ಟಿದ್ದವು. ಮುಂದೆ ಕೀಟ್ಸ್ ಕಾಮಿಕ್ಸ್ ಪುಸ್ತಕಗಳಿಗೆ ಹಿನ್ನೆಲೆ ಚಿತ್ರ ಬರೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆ ಸೇರಿ, ಶತ್ರುವಿನ ಕಣ್ಣು ತಪ್ಪಿಸುವ ಮರೆಮಾಚು ವಿನ್ಯಾಸಗಳನ್ನು ರಚಿಸಿದರು. ಯಹೂದಿ ಹೆಸರು ಕೆಲಸಕ್ಕೆ ಅಡ್ಡಿಯಾಗುತ್ತಿದ್ದ ಆ ದಿನಗಳಲ್ಲಿ, 1947ರಲ್ಲಿ, ಹೆಸರನ್ನೇ ಬದಲಿಸಿಕೊಂಡರು.

ಬೇರೆಯವರ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ ವರ್ಷಗಳಲ್ಲಿ ಅವರ ಕೈಗೆ ಬಂದ ಕಥೆಗಳಲ್ಲಿ ಕಪ್ಪು ಮಗುವೊಂದು ನಾಯಕನಾದದ್ದೇ ಇರಲಿಲ್ಲ. 1940ರ ‘ಲೈಫ್’ ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದ ಪುಟ್ಟ ಕಪ್ಪು ಹುಡುಗನ ಫೋಟೋಗಳು ಮಾತ್ರ ಅವರ ಬಳಿ ಉಳಿದಿದ್ದವು. ಆ ಮುಖವೇ ಎರಡು ದಶಕಗಳ ನಂತರ ಪೀಟರ್ ಆಯಿತು.

ಈ ಪುಸ್ತಕದಲ್ಲಿ ಕೀಟ್ಸ್ ಕುಂಚಕ್ಕಿಂತ ಕತ್ತರಿಯನ್ನು ಹೆಚ್ಚು ನಂಬಿದರು. ಹಾಸಿಗೆಯ ಬಟ್ಟೆಗೆ ಬೆಲ್ಜಿಯಂನ ಕ್ಯಾನ್ವಾಸ್. ಅಮ್ಮನ ಉಡುಪಿಗೆ ಅಡುಗೆಮನೆಯ ಕಪಾಟಿಗೆ ಹಾಸುವ ಮೇಣದ ಬಟ್ಟೆ. ಉಳಿದದ್ದಕ್ಕೆ ಜಪಾನ್, ಇಟಲಿ, ಸ್ವೀಡನ್‌ಗಳಿಂದ ಬಂದ ಕಾಗದಗಳು. ರಬ್ಬರನ್ನು ಕೊರೆದು, ಬಣ್ಣದಲ್ಲಿ ಅದ್ದಿ ಒತ್ತಿದಾಗ ಹಿಮದ ಹಳಕುಗಳು ಮೂಡಿದವು. ಪೀಟರ್ ಮಲಗುವ ರಾತ್ರಿಯ ಬೂದುಬಣ್ಣ ಬಂದದ್ದು ಹಲ್ಲುಜ್ಜುವ ಬ್ರಷ್ಷಿನಿಂದ ಚಿಮುಕಿಸಿದ ಶಾಯಿಯಿಂದ. ರಬ್ಬರು, ಬ್ರಷ್ಷು, ಶಾಯಿ ಮಗುವಿನ ಕೈಗೂ ಎಟುಕುವ ಸಾಮಗ್ರಿ. ಅಗಲವಾದ ಬಿಳಿ ಹಾಳೆಯಲ್ಲಿ ಒಂದೇ ಒಂದು ಕೆಂಪು ಆಕೃತಿ ನಡೆದು ಹೋಗುವಾಗ ಇಡೀ ನಗರ ಅವನದಾಗುತ್ತದೆ. ಯಾರಿಗೂ ಪಾಠ ಹೇಳದೆ, ಯಾರ ಕರುಣೆಯನ್ನೂ ಬೇಡದೆ, ಸುಮ್ಮನೆ ಆಡುವ ಹಕ್ಕನ್ನು ಚಿತ್ರಕಾರ ಆ ಮಗುವಿಗೆ ಕೊಟ್ಟಿದ್ದಾರೆ. 1963ರಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆ ಕೊಡುವ ಕಾಲ್ಡೆಕಾಟ್ ಪದಕ ಬಂತು.

ಟೀಕೆ ಬಂದದ್ದು ಎರಡು ವರ್ಷಗಳ ನಂತರ. 1962ರಿಂದ 64ರ ನಡುವೆ ಬಂದ 5,206 ಮಕ್ಕಳ ಪುಸ್ತಕಗಳನ್ನು ಪರಿಶೀಲಿಸಿದ ಲೇಖಕಿ ನ್ಯಾನ್ಸಿ ಲ್ಯಾರಿಕ್, ಕಪ್ಪು ಜನರ ಸುಳಿವಾದರೂ ಇದ್ದವು ಶೇ. 6.7 ಮಾತ್ರ ಎಂದು ತೋರಿಸಿದರು. 1965ರ ‘ಸ್ಯಾಟರ್ಡೇ ರಿವ್ಯೂ’ದಲ್ಲಿ ಬಂದ ಆ ಲೇಖನ ಕೀಟ್ಸ್‌ರನ್ನೂ ಬಿಡಲಿಲ್ಲ. ಪೀಟರ್ ಯಾವ ಜನಾಂಗದವನೆಂದು ಕಥೆ ಹೇಳುವುದಿಲ್ಲ. ಅಮ್ಮನೋ ಕಣ್ಣು ಕುಕ್ಕುವ ಹಳದಿ ಚೌಕಳಿಯ ದಪ್ಪ ಹೆಂಗಸು. ಇವು ಲ್ಯಾರಿಕ್ ಅವರ ಎರಡು ಆಕ್ಷೇಪಗಳು. ಕೀಟ್ಸ್ ನೊಂದುಕೊಂಡು ಉತ್ತರ ಬರೆದರು.

ಮೊದಲ ಆಕ್ಷೇಪ ನಿಲ್ಲುವುದಿಲ್ಲ. ಚಿತ್ರಪುಸ್ತಕದಲ್ಲಿ ಚಿತ್ರವೂ ಕಥೆ ಹೇಳುತ್ತದೆ. ಕಣ್ಣಿಗೆ ಕಂಡದ್ದನ್ನು ಮಾತು ಮತ್ತೆ ಒತ್ತಿ ಹೇಳಿದ್ದರೆ ಪೀಟರ್ ಬರೀ ಉದಾಹರಣೆಯಾಗಿ ಬಿಡುತ್ತಿದ್ದ. ಪುಸ್ತಕ ಓದಿದ ಮೇಲೆ ತನ್ನ ತರಗತಿಯ ಮಕ್ಕಳು ತಮ್ಮ ಚಿತ್ರ ಬರೆದುಕೊಳ್ಳಲು ಮೊದಲ ಬಾರಿ ಕಂದು ಕ್ರೆಯಾನ್ ಎತ್ತಿಕೊಂಡರು ಎಂದು ಶಿಕ್ಷಕಿಯೊಬ್ಬರು ಕೀಟ್ಸ್‌ಗೆ ಬರೆದಿದ್ದರು. ಚಿತ್ರ ಹೇಳಿದ್ದು ಮಕ್ಕಳಿಗೆ ಕೇಳಿಸಿತ್ತು. ಎರಡನೆಯ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ಹಿಮವನ್ನೂ ಗೋಡೆಯನ್ನೂ ಜೀವಂತಗೊಳಿಸಿದ ಅಂಟಿಸುವ ವಿಧಾನವೇ ಅಮ್ಮನನ್ನು ಚಪ್ಪಟೆ ಮಾಡಿದೆ. ಅಲ್ಲಿ ಮೊದಲು ಕಾಣುವುದು ಬಟ್ಟೆಯ ವಿನ್ಯಾಸ, ಆಮೇಲೆ ಮನುಷ್ಯಳು.

ಇದಕ್ಕೆ ಕೀಟ್ಸ್ ಕೊಟ್ಟ ನಿಜವಾದ ಉತ್ತರ ಮುಂದಿನ ಪುಸ್ತಕಗಳಲ್ಲಿದೆ. ಪೀಟರ್ ಇರುವ ಪುಸ್ತಕಗಳು ಒಟ್ಟು ಏಳು. ಪುಸ್ತಕದಿಂದ ಪುಸ್ತಕಕ್ಕೆ ಅವನ ವಯಸ್ಸು ಏರುತ್ತದೆ. 1967ರ ‘ಪೀಟರ್ಸ್ ಚೇರ್’ನಲ್ಲಿ ಮನೆಗೆ ತಂಗಿ ಬಂದಿದ್ದಾಳೆ, ಅವನ ನೀಲಿ ಪೀಠೋಪಕರಣಗಳಿಗೆಲ್ಲ ಗುಲಾಬಿ ಬಣ್ಣ ಬೀಳುತ್ತಿದೆ. ಮುನಿದು ಕುರ್ಚಿ ಹೊತ್ತು ಹೊರಟವನಿಗೆ ಅದರಲ್ಲಿ ತಾನೇ ಹಿಡಿಸುವುದಿಲ್ಲ ಎಂದು ಗೊತ್ತಾಗುತ್ತದೆ. ಕೊನೆಗೆ ಅಪ್ಪನ ಜೊತೆ ಕೂತು ಅದಕ್ಕೂ ತಾನೇ ಬಣ್ಣ ಬಳಿಯುತ್ತಾನೆ. ಇಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಸ್ವಂತ ಕೆಲಸವಿದೆ, ಮಗನ ಮೇಲೆ ಗಮನವಿದೆ.

1969ರ ‘ಗಾಗಲ್ಸ್!’ ಹೊತ್ತಿಗೆ ಬೀದಿ ಒಳನುಗ್ಗಿದೆ. ಪಾಳು ಜಾಗದಲ್ಲಿ ಸಿಕ್ಕ ಮೋಟಾರ್‌ಸೈಕಲ್ ಕನ್ನಡಕಕ್ಕಾಗಿ ದೊಡ್ಡ ಹುಡುಗರು ಪೀಟರ್‌ನನ್ನು ನೆಲಕ್ಕೆ ಕೆಡವುತ್ತಾರೆ. ‘ಸ್ನೋಯಿ ಡೇ’ಯಲ್ಲೂ ದೊಡ್ಡ ಹುಡುಗರ ಹಿಮದಾಟ ತನ್ನ ವಯಸ್ಸಿಗಲ್ಲ ಎಂದು ಪೀಟರ್ ತಾನೇ ಹಿಂದೆ ಸರಿದಿದ್ದ. ಈಗ ಹಿಂದೆ ಸರಿಯುವುದಿಲ್ಲ. ಗೆಳೆಯ ಆರ್ಚಿ ಮತ್ತು ನಾಯಿ ವಿಲ್ಲಿಯ ಜೊತೆ ಸೇರಿ ಅವರನ್ನು ಏಮಾರಿಸುತ್ತಾನೆ. ಚಿತ್ರಗಳಲ್ಲಿ ಬಣ್ಣ ದಟ್ಟವಾಗಿದೆ, ಗೋಡೆಗಳು ಕೊಳಕಾಗಿವೆ.

ಕೀಟ್ಸ್ 1983ರಲ್ಲಿ ತೀರಿಕೊಂಡರು. 2020ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ತನ್ನ 125 ವರ್ಷಗಳ ಲೆಕ್ಕ ತೆಗೆದಾಗ, ಅತಿ ಹೆಚ್ಚು ಬಾರಿ ಎರವಲು ಹೋದ ಪುಸ್ತಕ ‘ದಿ ಸ್ನೋಯಿ ಡೇ’: 4,85,583 ಸಲ. ಆ ಪ್ರೀತಿ ಸರಿಯಾದದ್ದೇ. ಆದರೆ ಕೀಟ್ಸ್‌ರನ್ನು ಆ ಒಂದೇ ಪುಸ್ತಕದಿಂದ ಅಳೆದರೆ ಅವರ ಕೆಲಸದ ಅರ್ಧ ಕಾಣದೇ ಹೋಗುತ್ತದೆ. ‘ಸ್ನೋಯಿ ಡೇ’ ಅವರ ಅತ್ಯಂತ ಸುಂದರ ಪುಸ್ತಕ. ಮಗುವಿನ ಭಯ, ಜಾಣತನ, ಗೆಳೆತನ ಮೂರನ್ನೂ ಹಿಡಿದ ‘ಗಾಗಲ್ಸ್!’ ಅದಕ್ಕಿಂತ ದೊಡ್ಡದು.