ಒಂದೇ ಒರಳು, ಎರಡು ಒನಕೆ

ಬಿಚ್ಚಿದ ಎಂಜಿನ್ ಹೆಡ್ಡನ್ನು ತೊಳೆದು, ಒರೆಸಿ, ಬೆಂಚಿನ ಮೇಲೆ ಅಂಗಾತ ಮಲಗಿಸಿದಾಗ ಕಾಣುವ ಚೆಲುವು ಬಾನೆಟ್ಟಿಗೆ ಎಷ್ಟು ಪಾಲಿಶ್ ಹಾಕಿದರೂ ಬರುವುದಿಲ್ಲ. ನಾಲ್ಕು ಸಿಲಿಂಡರಿನ ಹಲವು ಡೀಸೆಲ್ ಗಾಡಿಗಳಲ್ಲಿ ಎಂಟು ವಾಲ್ವುಗಳು, ಜೋಡಿ ಜೋಡಿಯಾಗಿ, ಹೆಡ್ಡಿನ ಮೈಗೆ ಹೆಚ್ಚುಕಡಿಮೆ ಸಮನಾಗಿ ಕೂತಿರುತ್ತವೆ. ಗಾಳಿ ಎಳೆದುಕೊಳ್ಳುವ ವಾಲ್ವು ಕೊಂಚ ಅಗಲ, ಹೊಗೆ ಬಿಡುವುದು ಕೊಂಚ ಚಿಕ್ಕದು. ಒಂದನ್ನು ಹೊರಗೆಳೆದು ಬೆಳಕಿಗೆ ಹಿಡಿಯಿರಿ. ಆರು ಮಿಲಿಮೀಟರಿನ ಆಸುಪಾಸಿನ ದಪ್ಪದ ನೀಳ ದಂಟು, ತುದಿಯಲ್ಲಿ ಬಾಗುತ್ತ ಬಾಗುತ್ತ ಅಗಲವಾಗಿ ತೆರೆದುಕೊಂಡ ತಲೆ. ಆ ಬಾಗಿನಲ್ಲಿ ಎಲ್ಲೂ ಮೂಲೆ ಎಂಬುದಿಲ್ಲ. ಗಾಳಿ ತಡೆಯಿಲ್ಲದೆ ಸರಿದುಹೋಗಲಿ, ಬಡಿತದ ಭಾರ ಒಂದೇ ಕಡೆ ಕೂರದಿರಲಿ ಎಂದು ಲೆಕ್ಕ ಹಾಕಿ ಎಳೆದ ಗೆರೆ ಅದು.

ತಲೆಯ ಅಂಚಿನಲ್ಲಿ, 45 ಡಿಗ್ರಿ ಓರೆಯಾಗಿ ಕಡೆದ ಜಾಗದಲ್ಲಿ, ಒಂದು ಬೂದು ಉಂಗುರ ಇರುತ್ತದೆ. ಅಗಲ ಎರಡು ಮಿಲಿಮೀಟರ್ ಇದ್ದರೆ ಹೆಚ್ಚು. ಮಿಸ್ತ್ರಿ ಗ್ರೈಂಡಿಂಗ್ ಪೇಸ್ಟ್ ಸವರಿ, ರಬ್ಬರ್ ಬಟ್ಟಲಿನ ಕೋಲನ್ನು ವಾಲ್ವಿನ ತಲೆಗೆ ಅಂಟಿಸಿ, ಎರಡೂ ಅಂಗೈ ನಡುವೆ ಕೋಲನ್ನು ಹೊಸೆಯುತ್ತ ಹೊಸೆಯುತ್ತ ತರುವ ಉಂಗುರ ಅದು. ಮೊದಲು ಪೇಸ್ಟ್ ಗರಗರ ಎನ್ನುತ್ತದೆ. ಆಮೇಲೆ ಸದ್ದು ಸಣ್ಣಗಾಗುತ್ತದೆ. ಕಿವಿ ಪಳಗಿದವರು ಆ ಸದ್ದಿನಲ್ಲೇ ಕೆಲಸ ಮುಗಿದದ್ದನ್ನು ತಿಳಿಯುತ್ತಾರೆ. ಒರೆಸಿ ನೋಡಿದರೆ ಉಂಗುರ ಎಲ್ಲಿಯೂ ಕಡಿಯದೆ, ಎಲ್ಲಿಯೂ ಹೊಳೆಯದೆ, ಒಂದೇ ಸಮ ಮಂಕಾಗಿರಬೇಕು. ಆ ಮೇಲೆ ಪೋರ್ಟಿನೊಳಗೆ ಸ್ವಲ್ಪ ಪೆಟ್ರೋಲ್ ಸುರಿದು ಕಾಯುತ್ತಾರೆ. ಒಂದು ಹನಿಯೂ ಅಂಚಿನಿಂದ ಜಿನುಗಬಾರದು. ಎಂಜಿನ್ನಿನ ದಮ್ಮು ಅಷ್ಟೂ ಈ ಬೂದು ಉಂಗುರದ ಮೇಲೆ ನಿಂತಿದೆ. ಕೆಂಪಗೆ ಕಾಯುವ ಎಕ್ಝಾಸ್ಟ್ ವಾಲ್ವು ತನ್ನ ಬಿಸಿಯ ಬಹುಪಾಲನ್ನು ಹೆಡ್ಡಿಗೆ ದಾಟಿಸುವುದೂ ಮುಚ್ಚಿಕೊಂಡಿರುವ ಹೊತ್ತಿನಲ್ಲಿ ಇದೇ ಉಂಗುರದ ಮೂಲಕ.

ಇಷ್ಟು ನಯದ ವಸ್ತು ಪಿಸ್ಟನ್ನಿಗೆ ಬಡಿದು ಡೊಂಕಾಗುವುದು ಒಂದು ರಬ್ಬರ್ ಪಟ್ಟಾ ಹರಿದಾಗ. ಅಥಣಿ ತಾಲ್ಲೂಕಿನ ಐಗಳಿ, ತೆಲಸಂಗದ ಕಡೆ ದ್ರಾಕ್ಷಿ ಬೆಳೆದು ಒಣದ್ರಾಕ್ಷಿ ಮಾಡುವವರ ಅಂಗಳಗಳಲ್ಲಿ ಈಗ ಟ್ರ್ಯಾಕ್ಟರಿನ ಪಕ್ಕ ಒಂದು ಡೀಸೆಲ್ ಕಾರೂ ನಿಂತಿರುತ್ತದೆ. ಟ್ರ್ಯಾಕ್ಟರಿನ ಎಂಜಿನ್ನಿಗೂ ಕಾರಿನ ಎಂಜಿನ್ನಿಗೂ ಒಳಗಿನ ಧರ್ಮ ಒಂದೇ. ಆದರೆ ಟ್ರ್ಯಾಕ್ಟರಿನಲ್ಲಿ ವಾಲ್ವುಗಳ ಹೊತ್ತು ಕಾಯುವುದು ಹಲ್ಲಿನ ಗೇರು. ಹಲವು ಕಾರುಗಳಲ್ಲಿ ಆ ಕೆಲಸ ಟೈಮಿಂಗ್ ಬೆಲ್ಟಿನದು, ಅದೇ ಈ ರಬ್ಬರ್ ಪಟ್ಟಾ.

ಹಳ್ಳಿಯಲ್ಲಿ ಭತ್ತ ಕುಟ್ಟುವುದನ್ನು ನೋಡಿದವರಿಗೆ ಈ ಎಂಜಿನ್ನಿನ ಮರ್ಮ ಬೇಗ ಹಿಡಿಯುತ್ತದೆ. ಒಂದೇ ಒರಳಿಗೆ ಇಬ್ಬರು ಹೆಂಗಸರು ಎದುರುಬದುರು ನಿಂತು ಒನಕೆ ಹಾಕುತ್ತಾರೆ. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯುತ್ತದೆ. ಒರಳಿನ ಬಾಯಿ ಒಂದೇ, ಎರಡೂ ಒನಕೆ ಒಟ್ಟಿಗೆ ಹಿಡಿಸುವಷ್ಟು ಜಾಗ ಅದರಲ್ಲಿಲ್ಲ. ಹೊತ್ತು ತಪ್ಪಿದರೆ ಮರಕ್ಕೆ ಮರ ಬಡಿಯುತ್ತದೆ. ಇಂಟರ್‌ಫಿಯರೆನ್ಸ್ ಎಂಜಿನ್ ಎಂದರೆ ಇದೇ. ವಾಲ್ವು ಪೂರ್ತಿ ತೆರೆದು ಕೆಳಗಿಳಿದಾಗ ಎಲ್ಲಿರುತ್ತದೋ ಪಿಸ್ಟನ್ ಮೇಲೇರಿದಾಗ ಅದೇ ಜಾಗಕ್ಕೆ ಬರುತ್ತದೆ. ಜಾಗ ಒಬ್ಬರಿಗಷ್ಟೇ ಸಾಲುತ್ತದೆ, ಹೊತ್ತನ್ನು ಇಬ್ಬರಿಗೂ ಹಂಚಿದ್ದಾರೆ.

ಹೀಗೇಕೆ ಮಾಡಬೇಕಿತ್ತು, ನಾಲ್ಕು ಬೆರಳು ಜಾಗ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ಪಟ್ಟಾ ಹರಿದುಕೊಂಡವರು ಕೇಳುತ್ತಾರೆ. ಕೇಳುವುದು ಸಹಜ. ಉತ್ತರ ಲೆಕ್ಕದಲ್ಲಿದೆ, ಲೆಕ್ಕವೂ ಸೊಗಸಾಗಿದೆ. 2007ರಲ್ಲಿ ಬಂದ ಲೋಗನ್, ಆಮೇಲೆ ವೆರಿಟೊ ಎಂಬ ಹೆಸರು ಪಡೆದ ಅದೇ ಗಾಡಿ, 2012ರ ಡಸ್ಟರ್, ಇವುಗಳಲ್ಲಿರುವ ರೆನೊ ಕಂಪನಿಯ 1461 ಸಿಸಿ ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ. ಅದರ ಪಿಸ್ಟನ್ನಿನ ಓಡಾಟ 80.5 ಮಿಲಿಮೀಟರ್. ವಾಲ್ವು ಇಂಥ ಎಂಜಿನ್ನುಗಳಲ್ಲಿ ಎಂಟು ಒಂಬತ್ತು ಮಿಲಿಮೀಟರಿನಷ್ಟು ಇಳಿಯುತ್ತದೆ. ಪಟ್ಟಾ ಹರಿದರೂ ತಾಕಬಾರದೆಂದು ಪಿಸ್ಟನ್ನಿನ ನೆತ್ತಿಗೂ ಹೆಡ್ಡಿಗೂ ನಡುವೆ ಒಂಬತ್ತು ಮಿಲಿಮೀಟರ್ ಬಿಟ್ಟೆವೆನ್ನಿ. ಆಗ ಎಂಬತ್ತೊಂಬತ್ತೂವರೆ ಮಿಲಿಮೀಟರ್ ಎತ್ತರದ ಗಾಳಿಯನ್ನು ಒಂಬತ್ತಕ್ಕೆ ಅದುಮಿದಂತಾಯಿತು. ಹತ್ತು ಪಟ್ಟು ಕೂಡ ಆಗಲಿಲ್ಲ. ಡೀಸೆಲ್ಲಿಗೆ ಕಿಡಿ ಹಚ್ಚುವ ಪ್ಲಗ್ ಇಲ್ಲ, ಗಾಳಿಯನ್ನು ಅದುಮಿ ಅದುಮಿ ಕಾಯಿಸಿಯೇ ಅದು ಹೊತ್ತಿಕೊಳ್ಳಬೇಕು. ಅದಕ್ಕೆ ಹದಿನೈದು ಹದಿನೆಂಟು ಪಟ್ಟಾದರೂ ಅದುಮಬೇಕು. ಹತ್ತು ಪಟ್ಟಿಗೆ ಅದು ಮುನಿಸಿಕೊಂಡು ಕೂರುತ್ತದೆ. ಆದ್ದರಿಂದ ಪಿಸ್ಟನ್ ಹೆಡ್ಡಿನ ಹತ್ತಿರಕ್ಕೆ, ಒಂದು ಮಿಲಿಮೀಟರಿನ ಆಚೀಚೆಗೆ, ಬಂದೇ ತೀರಬೇಕು. ಗಾಳಿ ಹೋಗಿ ಕೂರಲು ಪಿಸ್ಟನ್ನಿನ ನೆತ್ತಿಯಲ್ಲೇ ಒಂದು ಗುಂಡಿ ಕಡೆದಿರುತ್ತಾರೆ. ಸುತ್ತಲಿನ ಬಯಲಿನಲ್ಲಿ ವಾಲ್ವಿಗೆ ತಲೆ ಹಾಕಲು ತಾವಿಲ್ಲ.

ಪೆಟ್ರೋಲ್ ಎಂಜಿನ್ನಿಗೆ ಇಷ್ಟು ಇಕ್ಕಟ್ಟು ಬೇಕಿಲ್ಲ. ಪಟ್ಟಾ ಹರಿದರೆ ಸುಮ್ಮನೆ ನಿಂತು, ಹೊಸದು ಹಾಕಿದರೆ ಮತ್ತೆ ಓಡುವ ಪೆಟ್ರೋಲ್ ಎಂಜಿನ್ನುಗಳು ಇವೆ. ಅವು ನಿಶ್ಚಿಂತೆಯ ಯಂತ್ರಗಳು. ಆದರೆ ನನ್ನ ಮನಸ್ಸು ಓಡುವುದು ಇಕ್ಕಟ್ಟಿನ ಎಂಜಿನ್ನಿನ ಕಡೆಗೇ. ಒಂದು ಲೀಟರ್ ಎಣ್ಣೆಯಿಂದ ಅದು ಹಿಂಡಿ ತೆಗೆಯುವ ದೂರ ಬಂದದ್ದೇ ಈ ಧೈರ್ಯದಿಂದ.

ನಿಮಿಷಕ್ಕೆ ಮೂರು ಸಾವಿರ ಸುತ್ತಿನಲ್ಲಿ ಓಡುವಾಗ ಪಿಸ್ಟನ್ನುಗಳಿಗೆ ಕೂಡಿದ ಕ್ರ್ಯಾಂಕು ಸೆಕೆಂಡಿಗೆ 50 ಸುತ್ತು ಹಾಕುತ್ತದೆ. ವಾಲ್ವುಗಳನ್ನು ತೆರೆಯುವ ಕ್ಯಾಮ್ ಅದರ ಅರ್ಧ, 25. ಪ್ರತಿ ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಹೊಗೆ ದೂಡುತ್ತ ಪಿಸ್ಟನ್ ಮೇಲೆ ಬರುತ್ತಿರುತ್ತದೆ, ಎಕ್ಝಾಸ್ಟ್ ವಾಲ್ವು ಅದಕ್ಕೆ ದಾರಿ ಬಿಡುತ್ತ ತನ್ನ ಸೀಟಿನ ಕಡೆ ಸರಿಯುತ್ತಿರುತ್ತದೆ. ಅದು ಪೂರ್ತಿ ಕೂರುವ ಮೊದಲೇ ಪಕ್ಕದ ವಾಲ್ವು ಗಾಳಿಗೆಂದು ಬಾಯಿ ಬಿಡಲು ಶುರುಮಾಡಿ, ಕೆಳಗಿಳಿಯತೊಡಗಿದ ಪಿಸ್ಟನ್ನಿನ ಬೆನ್ನು ಹಿಡಿಯುತ್ತದೆ. ಒಂದು ಹೋಗುತ್ತಿದೆ, ಒಂದು ಬರುತ್ತಿದೆ, ನಡುವೆ ಪಿಸ್ಟನ್ನಿನ ನೆತ್ತಿ. ಮೂರೂ ಅತಿ ಹತ್ತಿರ ಬರುವುದು ಈ ಗಳಿಗೆಯಲ್ಲಿ. ಅದು ಸೆಕೆಂಡಿಗೆ 25 ಸಲ, ಲಕ್ಷ ಕಿಲೋಮೀಟರುಗಟ್ಟಲೆ, ಒಮ್ಮೆಯೂ ತಾಕದೆ ನಡೆಯುತ್ತದೆ. ಅಥಣಿಯಿಂದ ವಿಜಯಪುರಕ್ಕೆ ಹೋಗಿಬರುವಷ್ಟರಲ್ಲಿ ಎಷ್ಟು ಸಲ ಆಗಿರಬಹುದೆಂದು ಲೆಕ್ಕ ಹಾಕುತ್ತ ಕೂತರೆ ಮೈ ನವಿರೇಳುತ್ತದೆ.

ಇಷ್ಟಕ್ಕೂ ಸೂತ್ರ ಹಿಡಿದಿರುವ ಪಟ್ಟಾ ನೋಡಲು ಬಡಪಾಯಿ. ಹೆಬ್ಬೆರಳ ಅಗಲ, ಒಳಬದಿಯಲ್ಲಿ ಹಲ್ಲು. ಅದು ಹುಟ್ಟಿದ್ದು ಕಾರಿಗಾಗಿ ಅಲ್ಲ, ಹೊಲಿಗೆ ಯಂತ್ರಕ್ಕಾಗಿ. 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿಯವರು ಸಿಂಗರ್ ಯಂತ್ರದ ಸೂಜಿಯೂ ಕೆಳಗಿನ ದಾರವೂ ಹೊತ್ತು ತಪ್ಪದೆ ಸಂಧಿಸಲೆಂದು ಹಲ್ಲಿನ ಬೆಲ್ಟ್ ಮಾಡಿದರು. ಸರಣಿಯಲ್ಲಿ ತಯಾರಾಗುವ ಕಾರಿಗೆ ಅದನ್ನು ಮೊದಲು ಹಾಕಿದ್ದು ಜರ್ಮನಿಯ ಗ್ಲಾಸ್ ಕಂಪನಿ, 1962ರ ತನ್ನ 1004 ಮಾದರಿಯಲ್ಲಿ. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, 1998ರ ಕೊನೆಯಲ್ಲಿ ಬಂದ ಇಂಡಿಕಾ ಡೀಸೆಲ್ ಅದನ್ನು ಊರೂರಿಗೆ ಮುಟ್ಟಿಸಿದವು. ರಬ್ಬರೆಂದು ಹಗುರ ಮಾಡುವಂತಿಲ್ಲ. ಹರಿದ ಪಟ್ಟಾ ಒಂದನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ಗಾಜಿನ ನಾರಿನ ಹುರಿಗಳು ಉದ್ದಕ್ಕೂ ಮಲಗಿರುವುದು ಕಾಣುತ್ತದೆ. ಎಳೆತ ತಡೆಯುವುದು, ಉದ್ದ ಹಿಗ್ಗದಂತೆ ನೋಡುವುದು ಆ ಹುರಿ. ಹಲ್ಲಿನ ಮೈಮೇಲೆ ನೈಲಾನ್ ಬಟ್ಟೆ, ಸವೆತಕ್ಕೆ. ಇವೆರಡನ್ನೂ ಹಿಡಿದಿಟ್ಟಿರುವುದು ಬಿಸಿಗೆ ಬೇಗ ಸೋಲದ ರಬ್ಬರು. ಅದಕ್ಕೆ ಎಣ್ಣೆ ಬಿಡಬೇಕಿಲ್ಲ, ಸದ್ದಿಲ್ಲ, ತೂಕವಿಲ್ಲ.

ಗೇರು ಬಿಟ್ಟು ಪಟ್ಟಾಕ್ಕೆ ಬಂದದ್ದೇಕೆ ಎಂಬುದನ್ನು ನಮ್ಮ ಹೊಲದ ಪಂಪಿನ ಎಂಜಿನ್ನನ್ನೇ ನೋಡಿ ತಿಳಿಯಬಹುದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಮನೆತನದ ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯಿತು. ಆ ಬಗೆಯ ಒಂಟಿ ಸಿಲಿಂಡರಿನ, ನಿಮಿಷಕ್ಕೆ 1500 ಸುತ್ತಿನ ಎಂಜಿನ್ನುಗಳು ಕೃಷ್ಣೆಯ ನೀರನ್ನು ಕಬ್ಬಿಗೆ ಎತ್ತಿದ ಸೀಮೆ ಇದು. ಅದರ ಬದಿಯ ಮುಚ್ಚಳ ತೆಗೆದರೆ ಎರಡು ಗೇರು, ಸಣ್ಣದಕ್ಕೆ ಎರಡರಷ್ಟು ಹಲ್ಲು ದೊಡ್ಡದಕ್ಕೆ. ಸಣ್ಣ ಗೇರಿನ ಒಂದು ಹಲ್ಲಿನ ಮೇಲೆ ಚುಕ್ಕಿ ಹೊಡೆದಿರುತ್ತದೆ, ದೊಡ್ಡದರ ಮೇಲಿನ ಗುರುತಿಗೆ ಅದನ್ನು ಕೂಡಿಸಿ ಜೋಡಿಸಿಬಿಟ್ಟರೆ ಮುಗಿಯಿತು, ಮಗನ ಕಾಲಕ್ಕೂ ಅದು ತಪ್ಪುವುದಿಲ್ಲ. ಇಲ್ಲಿ ಕ್ಯಾಮ್ ಇರುವುದು ಕೆಳಗೆ, ಕ್ರ್ಯಾಂಕಿನ ಮಗ್ಗುಲಲ್ಲಿ. ಅಲ್ಲಿಂದ ಉದ್ದ ಕಡ್ಡಿಗಳು ಮೇಲಿನ ರಾಕರ್ ತಟ್ಟಿ ವಾಲ್ವು ತೆರೆಯುತ್ತವೆ. ನಿಧಾನದ ಎಂಜಿನ್ನಿಗೆ ಅದು ಒಪ್ಪುತ್ತದೆ. ಓಟ ಹೆಚ್ಚಿದರೆ ಆ ಕಡ್ಡಿಗಳ ತೂಕವೇ ಭಾರ. ಅದಕ್ಕೆ ಕಾರಿನಲ್ಲಿ ಕ್ಯಾಮನ್ನು ಮೇಲೆ, ಹೆಡ್ಡಿನಲ್ಲಿ ಕೂರಿಸಿದರು. ಕ್ರ್ಯಾಂಕಿಗೂ ಕ್ಯಾಮಿಗೂ ಮೊಳದಷ್ಟು ದೂರವಾಯಿತು. ಆ ದೂರ ದಾಟಿಸಲು ಕೆಲವರು ಚೈನು ಹಾಕಿದರು, ಕೆಲವರು ಪಟ್ಟಾ.

ಪಟ್ಟಾ ಹರಿಯುವುದು ಎಷ್ಟೋ ಸಲ ಪಟ್ಟಾದ ತಪ್ಪಿನಿಂದಲ್ಲ. ಅದನ್ನು ಬಿಗಿ ಹಿಡಿಯುವ ಟೆನ್ಷನರಿನ ಬೇರಿಂಗ್ ಒಣಗಿ ಹಿಡಿದುಕೊಂಡಿರುತ್ತದೆ. ಅದೇ ಪಟ್ಟಾ ತಿರುಗಿಸುವ ವಾಟರ್ ಪಂಪು ಜಾಮ್ ಆಗಿರುತ್ತದೆ. ಇಲ್ಲವೇ ಕ್ಯಾಮಿನ ಸೀಲು ಸೋರಿ ಎಣ್ಣೆ ಕುಡಿದ ರಬ್ಬರು ಊದಿ, ಬುಡದಲ್ಲಿ ಹಲ್ಲು ಕಳಚುತ್ತದೆ. ಇನ್ನೊಂದು ಕಾರಣ ಇಲ್ಲಿಯ ಬದುಕಿಗೆ ತೀರ ಹತ್ತಿರದ್ದು. ತೋಟದವರ ಕಾರು ಮದುವೆಗೆ, ಜಾತ್ರೆಗೆ, ಮಿರಜಿನ ಆಸ್ಪತ್ರೆಗೆ ಹೊರಡುತ್ತದೆ, ಉಳಿದ ದಿನ ಶೆಡ್ಡಿನಲ್ಲಿರುತ್ತದೆ. ಮೀಟರಿನಲ್ಲಿ ಕಿಲೋಮೀಟರು ಕಡಿಮೆ, ಆದ್ದರಿಂದ ಪಟ್ಟಾ ಹೊಸದೇ ಇದೆ ಎಂದು ನಂಬುತ್ತಾರೆ. ರಬ್ಬರು ನಿಂತಲ್ಲೇ ಮುದಿಯಾಗುತ್ತದೆ. ಗಾಡಿಯ ಪುಸ್ತಕದಲ್ಲಿ ಕಿಲೋಮೀಟರಿನ ಪಕ್ಕದಲ್ಲೇ ವರ್ಷದ ಲೆಕ್ಕವನ್ನೂ ಬರೆದಿರುತ್ತಾರೆ, ಯಾವುದು ಮೊದಲು ಬರುತ್ತದೋ ಅದು ಎಂದು. ಆ ಸಾಲನ್ನು ದಯವಿಟ್ಟು ಓದಬೇಕು.

ಹರಿದ ಗಳಿಗೆಯಲ್ಲಿ ಕ್ಯಾಮ್ ನಿಂತುಬಿಡುತ್ತದೆ. ಬಿಗಿ ಸ್ಪ್ರಿಂಗುಗಳು ಅದನ್ನು ತಿರುಗಗೊಡುವುದಿಲ್ಲ. ಕೆಲವು ವಾಲ್ವು ಬಾಯಿ ತೆರೆದೇ ಉಳಿಯುತ್ತವೆ. ಕ್ರ್ಯಾಂಕು ಮಾತ್ರ ಫ್ಲೈವ್ಹೀಲಿನ ರಭಸಕ್ಕೆ, ಗೇರಿನಲ್ಲಿರುವ ಚಕ್ರಗಳ ನೂಕಿಗೆ, ತಿರುಗುತ್ತಲೇ ಇರುತ್ತದೆ. ಎರಡು ಸಾವಿರ ಸುತ್ತಿನ ಓಟದಲ್ಲಿ ಒಂದು ಸುತ್ತಿಗೆ ಹಿಡಿಯುವುದು ಸೆಕೆಂಡಿನ ನೂರರಲ್ಲಿ ಮೂರು ಪಾಲು. ಅಷ್ಟರೊಳಗೆ ಬಡಿದಾಗಿರುತ್ತದೆ. ಚಾಲಕನಿಗೆ ಒಂದು ಟಪ್ ಎಂಬ ಸದ್ದು, ಆಮೇಲೆ ಎಂಜಿನ್ ಇಲ್ಲ. ಸೆಲ್ಫ್ ಹೊಡೆದರೆ ಹಗುರಾಗಿ ಗಿರ್ರೆಂದು ಸುತ್ತುತ್ತದೆ, ದಮ್ಮು ಹಿಡಿಯಲು ವಾಲ್ವು ಕೂತಿಲ್ಲವಲ್ಲ. ಹಾಗೆ ಹಗುರ ಅನ್ನಿಸಿದ ಕೂಡಲೇ ಚಾವಿ ಬಿಟ್ಟು ಗಾಡಿ ಎಳೆಸಿಕೊಂಡು ಹೋಗಬೇಕು. ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಉಳಿದ ವಾಲ್ವುಗಳಿಗೂ ಪೆಟ್ಟು.

ಹೆಡ್ ಎತ್ತಿದಾಗ ಪಿಸ್ಟನ್ನಿನ ನೆತ್ತಿಯ ಮೇಲೆ ಅರ್ಧಚಂದ್ರದ ಗುರುತು ಮೂಡಿರುತ್ತದೆ. ಕಪ್ಪು ಮಸಿಯ ನಡುವೆ ಅಲ್ಯೂಮಿನಿಯಂ ಹೊಳೆಯುವ ತೆಳು ಗೆರೆ. ವಾಲ್ವಿನ ದಂಟನ್ನು ಗಾಜಿನ ಮೇಲೆ ಉರುಳಿಸಿದರೆ ಅದು ಕುಂಟುತ್ತದೆ, ಅಡಿಯಲ್ಲಿ ಬೆಳಕು ಒಮ್ಮೆ ಇಣುಕಿ ಒಮ್ಮೆ ಮಾಯವಾಗುತ್ತದೆ. ಕಣ್ಣಿಗೆ ನೆಟ್ಟಗೇ ಕಂಡ ದಂಟು ಗಾಜಿನ ಮೇಲೆ ತನ್ನ ಡೊಂಕು ಒಪ್ಪಿಕೊಳ್ಳುತ್ತದೆ. ಅದೃಷ್ಟ ಕೆಟ್ಟಿದ್ದರೆ ವಾಲ್ವಿನ ತಲೆಯೇ ಮುರಿದು ಸಿಲಿಂಡರಿನೊಳಗೆ ಬಿದ್ದು, ಪಿಸ್ಟನ್ನನ್ನೂ ಹೆಡ್ಡನ್ನೂ ಕುಟ್ಟಿ ಹಾಳುಮಾಡಿರುತ್ತದೆ. ಕೆಲವು ಸಾವಿರದ ಪಟ್ಟಾ ಹೊತ್ತಿಗೆ ಬದಲಾಗದೆ ಒಂದು ಹಂಗಾಮಿನ ಒಣದ್ರಾಕ್ಷಿಯ ದುಡ್ಡು ನುಂಗುವುದು ಹೀಗೆ. ಇದರ ಸಂಕಟ ನನಗೆ ದುಡ್ಡಿಗಿಂತ ಆ ಬೂದು ಉಂಗುರಗಳದು. ಅಷ್ಟು ಹೊಸೆದು ತಂದ ಕೂಡಿಕೆ ಅದು.

ಅದಕ್ಕೇ ಪಟ್ಟಾ ಬದಲಿಸುವ ದಿನ ಗ್ಯಾರೇಜಿನಲ್ಲಿ ನಿಂತು ನೋಡಿ ಎನ್ನುತ್ತೇನೆ. ಒಳ್ಳೆಯ ಮಿಸ್ತ್ರಿ ಅಂದು ಮಾತು ಕಡಿಮೆ ಮಾಡಿರುತ್ತಾನೆ. ಕ್ರ್ಯಾಂಕಿಗೊಂದು, ಕ್ಯಾಮಿಗೊಂದು ಪಿನ್ನು ತೂರಿಸಿ ಎರಡನ್ನೂ ಕಟ್ಟಿಹಾಕುತ್ತಾನೆ. ಟೆನ್ಷನರ್, ಬೇರಿಂಗ್, ವಾಟರ್ ಪಂಪು ಕೂಡ ಹೊಸವು. ಪಟ್ಟಾವನ್ನು ಕ್ರ್ಯಾಂಕಿನಿಂದ ಹಾಕಿಕೊಂಡು, ಎಳೆಯುವ ಬದಿ ಸಡಿಲವಾಗದಂತೆ, ಹಲ್ಲಿಗೆ ಹಲ್ಲು ಕೂರಿಸುತ್ತ ಮೇಲೆ ತರುತ್ತಾನೆ. ಕ್ರ್ಯಾಂಕಿನ ಪುಲ್ಲಿಗೆ ಇಪ್ಪತ್ತು ಹಲ್ಲಿದೆ ಎಂದುಕೊಂಡರೆ ಒಂದು ಹಲ್ಲು ತಪ್ಪಿದರೆ 18 ಡಿಗ್ರಿ ತಪ್ಪಿದಂತೆ. ಬಿಗಿ ಸರಿಯಾಯಿತೇ ಎಂದು ಹಳೆಯ ಮಾದರಿಗಳಲ್ಲಿ ಪಟ್ಟಾದ ಉದ್ದನೆಯ ಬದಿಯನ್ನು ಎರಡು ಬೆರಳಿನಲ್ಲಿ ಹಿಡಿದು ತಿರುವುತ್ತಾರೆ, ಕಾಲು ಸುತ್ತಿಗೆ ನಿಂತರೆ ಸರಿ. ಹೊಸ ಮಾದರಿಗಳಲ್ಲಿ ಟೆನ್ಷನರಿನ ಮುಳ್ಳು ಅದನ್ನು ಹೇಳುತ್ತದೆ.

ಪಿನ್ನು ತೆಗೆದ ಮೇಲೂ ಅವನು ಚಾವಿ ಮುಟ್ಟುವುದಿಲ್ಲ. "ಎರಡು ಸುತ್ತ ಕೈಲೆ ತಿರುವಿ ನೋಡ್ರಿ, ಆಮ್ಯಾಲೆ ಸೆಲ್ಫ್" ಎಂಬುದು ಈ ಕಡೆಯ ಗ್ಯಾರೇಜುಗಳ ಶಿಸ್ತು. ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ಓಡುವ ದಿಕ್ಕಿಗೇ, ಮೆಲ್ಲಗೆ ತಿರುವುತ್ತಾನೆ. ಒಂದು ಸುತ್ತಿಗೆ ಕ್ಯಾಮ್ ಅರ್ಧ ದಾರಿಯಲ್ಲಿರುತ್ತದೆ, ಅದರ ಗುರುತು ಎದುರು ಬದಿಗೆ ಹೋಗಿರುತ್ತದೆ. ಎರಡನೆಯ ಸುತ್ತು ಮುಗಿದಾಗ ಅದೂ ತನ್ನ ಮನೆಗೆ ಬರುತ್ತದೆ, ಪಿನ್ನು ತಡೆಯಿಲ್ಲದೆ ತೂತಿನೊಳಗೆ ಇಳಿಯುತ್ತದೆ. ನಡುವೆ ಎಲ್ಲಾದರೂ ಲೋಹಕ್ಕೆ ಲೋಹ ತಾಕಿದ ಗಟ್ಟಿತನ ಪಾನಾದಲ್ಲಿ ಬಂದರೆ ಅವನ ಕೈ ಅಲ್ಲೇ ನಿಲ್ಲುತ್ತದೆ, ಒಂದು ಕೂದಲೂ ಮುಂದೆ ಒತ್ತುವುದಿಲ್ಲ. ಬಿಚ್ಚಿ, ಮೊದಲಿನಿಂದ ಜೋಡಿಸುತ್ತಾನೆ.