ನೆರವು ಬೇಕು, ಯಜಮಾನಿಕೆ ಬೇಡ

ಅಂಗವಿಕಲರ ಕುರಿತ ಚಿತ್ರಗಳಲ್ಲಿ ಹೆಚ್ಚಿನವು ಎರಡೇ ಬಗೆಯವು. ಒಂದೋ ಅವು ನೋಡುಗರ ಕಣ್ಣಲ್ಲಿ ನೀರು ತರಿಸುತ್ತವೆ, ಇಲ್ಲವೇ ಕಾಲಿಲ್ಲದವನೊಬ್ಬ ಬೆಟ್ಟ ಹತ್ತಿದ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸುತ್ತವೆ. 2020ರಲ್ಲಿ ತೆರೆ ಕಂಡ ಅಮೆರಿಕದ ಸಾಕ್ಷ್ಯಚಿತ್ರ ‘ಕ್ರಿಪ್ ಕ್ಯಾಂಪ್’ ಈ ಎರಡೂ ದಾರಿಗಳನ್ನು ಬಿಟ್ಟಿದೆ. ನಿಕೋಲ್ ನ್ಯೂನ್‌ಹ್ಯಾಮ್ ಮತ್ತು ಜೇಮ್ಸ್ ಲೆಬ್ರೆಕ್ಟ್ ಇದರ ನಿರ್ದೇಶಕರು. ಲೆಬ್ರೆಕ್ಟ್ ಬೆನ್ನುಹುರಿಯ ತೊಂದರೆಯೊಂದಿಗೇ ಹುಟ್ಟಿದವರು, ಗಾಲಿಕುರ್ಚಿ ಬಳಸುವವರು. ಆದ್ದರಿಂದಲೋ ಏನೋ, ಇಲ್ಲಿ ಕ್ಯಾಮರಾ ಯಾರನ್ನೂ ಮೇಲಿನಿಂದ ಕೆಳಕ್ಕೆ ನೋಡುವುದಿಲ್ಲ. ಚಿತ್ರಕ್ಕೆ ಸನ್‌ಡ್ಯಾನ್ಸ್ ಉತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು, ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು.

ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಅಂಗವಿಕಲ ಹದಿಹರೆಯದವರಿಗಾಗಿ ಜೆನೆಡ್ ಎಂಬ ಬೇಸಿಗೆ ಶಿಬಿರ ನಡೆಯುತ್ತಿತ್ತು. 1971ರಲ್ಲಿ ಅಲ್ಲಿ ಚಿತ್ರೀಕರಿಸಿದ ಕಪ್ಪು-ಬಿಳುಪು ದೃಶ್ಯಗಳೇ ಚಿತ್ರದ ಜೀವ. ಊಟಕ್ಕೆ ಏನು ಮಾಡಬೇಕೆಂದು ಶಿಬಿರದವರೇ ಕುಳಿತು ಚರ್ಚಿಸುತ್ತಾರೆ. ಹೆತ್ತವರ ಅತಿಯಾದ ಕಾಳಜಿಯಿಂದ ಉಸಿರುಗಟ್ಟುವ ಬಗ್ಗೆ ಮಾತನಾಡುತ್ತಾರೆ. ಮಾತು ಸ್ಪಷ್ಟವಾಗಿ ಹೊರಡದ ಹುಡುಗಿಯೊಬ್ಬಳು ತನ್ನ ವಾಕ್ಯ ಮುಗಿಸುವವರೆಗೆ ಎಲ್ಲರೂ ಕಾಯುತ್ತಾರೆ. ಮನೆಯಲ್ಲಿ ಯಾರೂ ಕೇಳದಿದ್ದ ಅಭಿಪ್ರಾಯವನ್ನು ಇಲ್ಲಿ ಕೇಳಲಾಗುತ್ತದೆ. ಮುಂದೆ ಅಮೆರಿಕದ ಅಂಗವಿಕಲರ ಹಕ್ಕು ಚಳವಳಿಯ ನಾಯಕಿಯಾದ ಜೂಡಿ ಹ್ಯೂಮನ್ ಈ ಶಿಬಿರದಿಂದಲೇ ಬಂದವರು.

ಚಿತ್ರದ ದ್ವಿತೀಯಾರ್ಧ ಹೋರಾಟದ ಕಥೆ. ಫೆಡರಲ್ ಸರಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರಿಗೆ ತಾರತಮ್ಯ ಮಾಡಬಾರದೆಂದು 1973ರ ಪುನರ್ವಸತಿ ಕಾಯ್ದೆಯ 504ನೇ ಕಲಮು ಹೇಳಿತ್ತು. ಆದರೆ ನಿಯಮಾವಳಿಗೆ ಸಹಿ ಬೀಳಲಿಲ್ಲ. 1977ರ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ಮಂದಿ ಸ್ಯಾನ್ ಫ್ರಾನ್ಸಿಸ್ಕೋದ ಸರಕಾರಿ ಕಚೇರಿಗೆ ನುಗ್ಗಿ ಧರಣಿ ಕೂತರು. ಕರಿಯರ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ಸ್‌ನವರು ಅವರಿಗೆ ಬಿಸಿ ಊಟ ತಂದುಕೊಟ್ಟರು. ಮೂರು ವಾರಗಳ ಬಳಿಕ, ಏಪ್ರಿಲ್ 28ರಂದು ಸಹಿ ಬಿತ್ತು. ಎರಡು ನೊಂದ ಸಮುದಾಯಗಳು ಪರಸ್ಪರ ಕೈ ಹಿಡಿದ ಈ ಭಾಗವನ್ನು ಚಿತ್ರ ಬಹಳ ಚೆನ್ನಾಗಿ ಕಟ್ಟಿಕೊಟ್ಟಿದೆ.

ಇಷ್ಟೆಲ್ಲ ಮೆಚ್ಚಿದ ಮೇಲೂ ಒಂದು ತಕರಾರು ಉಳಿಯುತ್ತದೆ. ಧರಣಿ ಕೂತವರಲ್ಲಿ ಹಲವರಿಗೆ ಹಾಸಿಗೆಯಲ್ಲಿ ತಾವಾಗಿ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಅವರನ್ನು ಎತ್ತಿದ, ತಿನ್ನಿಸಿದ, ಶೌಚಕ್ಕೆ ಕೊಂಡೊಯ್ದ ಕೈಗಳು ಚಿತ್ರದಲ್ಲಿ ಕಾಣುತ್ತವೆ, ಆದರೆ ಅವು ಹಿನ್ನೆಲೆಯಲ್ಲೇ ಉಳಿಯುತ್ತವೆ. ಧರಣಿ ಮುಗಿದು ಮನೆಗೆ ಹೋದ ಮೇಲೆ ಬೆಳಗ್ಗೆ ಅವರನ್ನು ಎಬ್ಬಿಸುವವರು ಯಾರು? ಅವರಿಗೆ ಸಂಬಳ ಕೊಡುವವರು ಯಾರು? ಯಾರು ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಎಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆಗಳ ಬಳಿ ಚಿತ್ರ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಚಳವಳಿಯ ತಿರುಳಿರುವುದು ಇಲ್ಲಿಯೇ. ಪೋಲಿಯೋದಿಂದ ಕುತ್ತಿಗೆಯ ಕೆಳಗೆ ಶಕ್ತಿ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯ ಸೇರಿದರು. ಅಲ್ಲಿ ಗೆಳೆಯರೊಂದಿಗೆ ಕಟ್ಟಿದ ವಿದ್ಯಾರ್ಥಿ ಸಂಘಟನೆಯಿಂದಲೇ 1972ರಲ್ಲಿ ‘ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್’ ಹುಟ್ಟಿತು. ಅಂಗವಿಕಲರಿಗೆ ತಕ್ಕ ಸಹಾಯಕರನ್ನು ಹುಡುಕಿಕೊಡುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ನಾವು ಸ್ವಾವಲಂಬನೆ ಎಂದರೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವುದು ಎಂದುಕೊಂಡಿದ್ದೇವೆ. ಇವರು ಅದನ್ನು ಒಪ್ಪಲಿಲ್ಲ. ಒಂದು ಗಂಟೆ ಹೆಣಗಿ ಅಂಗಿ ತೊಟ್ಟುಕೊಂಡು ಸುಸ್ತಾಗುವುದಕ್ಕಿಂತ, ಹತ್ತು ನಿಮಿಷದಲ್ಲಿ ಇನ್ನೊಬ್ಬರಿಂದ ತೊಡಿಸಿಕೊಂಡು ತರಗತಿಗೆ ಹೋಗುವುದೇ ಅವರ ದೃಷ್ಟಿಯಲ್ಲಿ ಸ್ವಾತಂತ್ರ್ಯ. ಕೈ ಇನ್ನೊಬ್ಬರದಾಗಬಹುದು, ತೀರ್ಮಾನ ತನ್ನದಾಗಿರಬೇಕು.

ಕ್ಯಾಲಿಫೋರ್ನಿಯಾದ ‘ಇನ್-ಹೋಮ್ ಸಪೋರ್ಟಿವ್ ಸರ್ವೀಸಸ್’ ಯೋಜನೆಯಲ್ಲಿ ಈ ವಿಚಾರ ವ್ಯವಸ್ಥೆಯ ರೂಪ ಪಡೆದಿದೆ. ಅಧಿಕಾರಿಗಳು ಮನೆಗೆ ಬಂದು ತಿಂಗಳಿಗೆ ಎಷ್ಟು ಗಂಟೆಯ ನೆರವು ಬೇಕೆಂದು ಅಂದಾಜಿಸುತ್ತಾರೆ. ಗರಿಷ್ಠ ಮಿತಿ 283 ಗಂಟೆ. ಸಂಬಳ ಸರಕಾರದ್ದು. ಆದರೆ ಸಹಾಯಕರನ್ನು ಆರಿಸುವುದು, ಕೆಲಸ ಕಲಿಸುವುದು, ಸರಿಹೋಗದಿದ್ದರೆ ಬಿಡಿಸುವುದು ಅಂಗವಿಕಲರದೇ ಅಧಿಕಾರ. ಮನೆಯವರನ್ನೇ ಸಂಬಳದ ಸಹಾಯಕರನ್ನಾಗಿ ಆರಿಸಿಕೊಳ್ಳಲೂ ಅವಕಾಶವಿದೆ.

ಆದರೆ ಒಬ್ಬರ ಸ್ವಾತಂತ್ರ್ಯ ಇನ್ನೊಬ್ಬರ ಅಗ್ಗದ ದುಡಿಮೆಯ ಮೇಲೆ ನಿಲ್ಲಬಾರದು. ಈ ಸಹಾಯಕರಲ್ಲಿ ಹೆಚ್ಚಿನವರು ಮಹಿಳೆಯರು. ಕರಿಯರು ಮತ್ತು ವಲಸೆ ಬಂದವರು ಅವರಲ್ಲಿ ಬಹಳ. ಸಂಬಳ ಕಡಿಮೆ. 1999ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಸುಮಾರು 74,000 ಸಹಾಯಕರು ಕಾರ್ಮಿಕ ಸಂಘದ ಪರ ಮತ ಹಾಕಿ ಸಂಘಟಿತರಾದರು. ಸಂಬಳ ಸಾಲದೆ ಸಹಾಯಕಿ ಕೆಲಸ ಬಿಟ್ಟು ಹೋದರೆ ಆರಿಸುವ ಹಕ್ಕಿದ್ದೂ ಪ್ರಯೋಜನವಿಲ್ಲವೆಂಬುದು ಅಂಗವಿಕಲ ಹೋರಾಟಗಾರರಿಗೂ ತಿಳಿದಿತ್ತು. ಹಣದ ಮೂಲದಲ್ಲೂ ಒಂದು ಅನ್ಯಾಯ ಅಡಗಿದೆ. ಅಮೆರಿಕದ ಮೆಡಿಕೇಡ್ ಕಾನೂನಿನ ಪ್ರಕಾರ ನರ್ಸಿಂಗ್ ಹೋಮ್ ವೆಚ್ಚ ಭರಿಸುವುದು ರಾಜ್ಯಗಳಿಗೆ ಕಡ್ಡಾಯ, ಮನೆಯಲ್ಲಿ ಕೊಡುವ ನೆರವು ಬಹುಪಾಲು ಐಚ್ಛಿಕ. ಖರ್ಚು ಕಡಿತದ ಮಾತು ಬಂದಾಗ ಕತ್ತರಿ ಮೊದಲು ಎಲ್ಲಿಗೆ ಬರುತ್ತದೆಂದು ಬೇರೆ ಹೇಳಬೇಕಿಲ್ಲ.

ಇದು ಅಮೆರಿಕಕ್ಕೆ ಮಾತ್ರ ಸಂಬಂಧಿಸಿದ ಸಂಗತಿ ಅಲ್ಲ. ಎಲ್ಲಿ, ಯಾರೊಡನೆ ಬದುಕಬೇಕೆಂಬ ಆಯ್ಕೆ ಮತ್ತು ಅದಕ್ಕೆ ಬೇಕಾದ ವೈಯಕ್ತಿಕ ನೆರವು ಅಂಗವಿಕಲರ ಹಕ್ಕೆಂದು 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿ ಹೇಳುತ್ತದೆ. ಭಾರತ 2007ರಲ್ಲಿ ಅದನ್ನು ಅನುಮೋದಿಸಿತು. ನಮ್ಮ 2016ರ ಕಾಯ್ದೆಯ 5ನೇ ಕಲಮಿನಲ್ಲೂ ವೈಯಕ್ತಿಕ ನೆರವಿನ ಪ್ರಸ್ತಾಪವಿದೆ. ಆದರೆ 2011ರ ಜನಗಣತಿ ಲೆಕ್ಕ ಹಾಕಿದ 2.68 ಕೋಟಿ ಅಂಗವಿಕಲರಲ್ಲಿ ನೆರವು ಬೇಕಾದವರ ಪಾಲಿಗೆ ನೆರವೆಂದರೆ ಈಗಲೂ ಹೆಚ್ಚಾಗಿ ತಾಯಿ, ಹೆಂಡತಿ ಅಥವಾ ಸೊಸೆ. ಅವಳ ದುಡಿಮೆಗೆ ಬೆಲೆಯಿಲ್ಲ, ನೆರವು ಪಡೆಯುವವನಿಗೆ ಆಯ್ಕೆಯಿಲ್ಲ. ನಾವಿದನ್ನು ತ್ಯಾಗವೆಂದು ಕರೆದು ಸುಮ್ಮನಾಗುತ್ತೇವೆ. ತಾಯಿ ಮುದುಕಿಯಾದಾಗ ಮುಂದೇನು ಎಂಬ ಪ್ರಶ್ನೆ ಆ ಮನೆಯವರ ಖಾಸಗಿ ಚಿಂತೆಯಾಗಿಯೇ ಉಳಿಯುತ್ತದೆ.

‘ಕ್ರಿಪ್ ಕ್ಯಾಂಪ್’ ಖಂಡಿತ ನೋಡಬೇಕಾದ ಚಿತ್ರ. ಹಕ್ಕು ಬೇಡಿ ಪಡೆಯುವ ವಸ್ತುವಲ್ಲ ಎಂದು ಅದು ಮನಗಾಣಿಸುತ್ತದೆ. ಆದರೆ ಕಚೇರಿಯ ಮೆಟ್ಟಿಲಲ್ಲಿ ಗೆದ್ದ ಹಕ್ಕು ಮನೆಯ ಬಚ್ಚಲವರೆಗೆ ತಲುಪುವುದು ಹೇಗೆಂಬ ಇನ್ನೊಂದು ಚಿತ್ರ ಬರಬೇಕಾಗಿದೆ. ಅದರಲ್ಲಿ ನೆರವು ಪಡೆಯುವವರಷ್ಟೇ ನೆರವು ನೀಡುವ ಹೆಂಗಸಿಗೂ ಮಾತಿರಬೇಕು.