ವೀಗನ್ ಪಂಕ್ತಿಯಲ್ಲಿ ಯಾರಿಗೆ ಎಲೆ?

ಮಾಂಸ ಬಡಿಸಿದ ಮೇಜಿನಲ್ಲಿ ಕೂರುವುದಿಲ್ಲ ಎಂಬ ಪ್ರತಿಜ್ಞೆಯೊಂದು 2015ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಪ್ರಾಣಿಹಕ್ಕು ಹೋರಾಟಗಾರರ ನಡುವೆ ಹಬ್ಬಿತು. ಲಿಬರೇಷನ್ ಪ್ಲೆಡ್ಜ್ ಎಂದು ಅದರ ಹೆಸರು. ತಾನು ತಿನ್ನದಿದ್ದರೆ ಸಾಲದು, ತಿನ್ನುವವರ ಪಕ್ಕ ಕೂತು ಉಣ್ಣಲೂಬಾರದು. ಅವರು ಹೆತ್ತವರಾದರೂ ಸರಿ, ಅದು ಹಬ್ಬದೂಟವಾದರೂ ಸರಿ. ಪ್ರತಿಜ್ಞೆ ತೊಟ್ಟವರು ಗುರುತಿಗಾಗಿ ಫೋರ್ಕೊಂದನ್ನು ಬಗ್ಗಿಸಿ ಕಡಗ ಮಾಡಿ ಮಣಿಕಟ್ಟಿಗೆ ಹಾಕಿಕೊಂಡರು. ಪ್ರಾಣಿಯ ನೋವನ್ನು ಅಷ್ಟು ಹತ್ತಿರದಿಂದ ಅನುಭವಿಸುವ ಎಳೆಯರ ಬಗ್ಗೆ ನನಗೆ ಗೌರವವಿದೆ. ಆದರೆ ಕನ್ನಡದವರಿಗೆ ಈ ನಿಯಮದ ಚಹರೆ ತೀರಾ ಪರಿಚಿತ. ಯಾರ ಸಮಕ್ಕೆ ಕೂರಬಹುದು, ಯಾರ ಮನೆಯ ನೀರು ಕುಡಿಯಬಹುದು ಎಂಬ ಲೆಕ್ಕದ ಮೇಲೆಯೇ ನಮ್ಮೂರುಗಳ ಊಟ ಶತಮಾನಗಟ್ಟಲೆ ನಡೆದಿದೆ. ಆ ಲೆಕ್ಕ ಎಷ್ಟು ಜನರನ್ನು ಹಿತ್ತಲಲ್ಲಿ ಕೂರಿಸಿತು ಎಂಬುದನ್ನು ಬಲ್ಲವರು ಮೇಜು ಬಿಟ್ಟು ಏಳುವುದನ್ನು ಸುಲಭಕ್ಕೆ ಪುಣ್ಯವೆಂದು ಒಪ್ಪಲಾರರು. ಆದ್ದರಿಂದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ವೀಗನ್ ಸಮುದಾಯವನ್ನು ತೂಗುವಾಗ ನಾನು ಇಟ್ಟುಕೊಂಡಿರುವ ಪ್ರಶ್ನೆ ಒಂದೇ: ಈ ಪಂಕ್ತಿಯಲ್ಲಿ ಯಾರಿಗೆಲ್ಲ ಎಲೆ ಹಾಕಿದ್ದಾರೆ?

ಹಾಲು, ತುಪ್ಪ, ಮೊಟ್ಟೆ, ಜೇನು, ಚರ್ಮ, ರೇಷ್ಮೆ, ಪ್ರಾಣಿಯಿಂದ ಬಂದ ಏನನ್ನೂ ಬಳಸದೆ, ವೀಗನ್ ಆಗಿ ಬದುಕುವುದು ಒಬ್ಬರೇ ಮಾಡಬಲ್ಲ ಕೆಲಸವಲ್ಲ. ಮದುವೆಗೆ ಹೋದರೆ ಏನು ತಿನ್ನಬೇಕು, ಮಗುವಿಗೆ ವಿಟಮಿನ್ ಬಿ12 ಹೇಗೆ ಸಿಗುತ್ತದೆ, ಆಫೀಸಿನ ಪಾರ್ಟಿಯಲ್ಲಿ ಏನು ಹೇಳಬೇಕು ಎಂದು ಕೇಳಲು ಜನ ಬೇಕು. ಅಮೆರಿಕದಲ್ಲಿ ಅಂಥ ಜನರ ಮೊದಲ ಸಂಘ ಕಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲೇ, ಕರಾವಳಿಯ ಪುಟ್ಟ ಊರು ಓಶಿಯಾನೋದಲ್ಲಿ, 1948ರಲ್ಲಿ. ಅದು ನಿಂತುಹೋದ ಕಾಲಕ್ಕೆ, 1960ರಲ್ಲಿ, ಪಾರ್ಸಿ ತಂದೆಯ ಮಗ ಜೇ ದಿನ್‌ಶಾ ನ್ಯೂಜೆರ್ಸಿಯಲ್ಲಿ ಅಮೆರಿಕನ್ ವೀಗನ್ ಸೊಸೈಟಿ ಶುರುಮಾಡಿ, ಅದರ ಪತ್ರಿಕೆಗೆ 'ಅಹಿಂಸಾ' ಎಂದು ಹೆಸರಿಟ್ಟರು. ಬೇ ಏರಿಯಾದ ಹಳೆಯ ಕೊಂಡಿ ಎಂದರೆ 1968ರ ಸ್ಯಾನ್ ಫ್ರಾನ್ಸಿಸ್ಕೋ ವೆಜಿಟೇರಿಯನ್ ಸೊಸೈಟಿ. ಹೋಟೆಲುಗಳಲ್ಲಿ ಒಟ್ಟಿಗೆ ಊಟ, ಗೋಲ್ಡನ್ ಗೇಟ್ ಪಾರ್ಕಿನ ಕೌಂಟಿ ಫೇರ್ ಬಿಲ್ಡಿಂಗಿನಲ್ಲಿ ವರ್ಷಕ್ಕೊಮ್ಮೆ ವರ್ಲ್ಡ್ ವೆಜ್ ಫೆಸ್ಟಿವಲ್. ಈ ಸೊಸೈಟಿ ಯಾರ ಮೇಲೂ ಪ್ರತಿಜ್ಞೆ ಹೇರಲಿಲ್ಲ. ಇಂದು ಕುತೂಹಲಕ್ಕೆ ಬಂದವರು ನಾಳೆ ಬಿಟ್ಟು ಹೋಗಬಹುದು, ಮತ್ತೆ ಬರಬಹುದು. ಚಳವಳಿಗಳು ಹತ್ತು ವರ್ಷಕ್ಕೆ ಸೊರಗುವ ಈ ಊರಿನಲ್ಲಿ ಸೊಸೈಟಿ ಅರ್ಧ ಶತಮಾನ ದಾಟಿದ್ದರ ಗುಟ್ಟು ಈ ಸಡಿಲಿನಲ್ಲೇ ಇದೆ. ಕೊರತೆ ಹಬ್ಬದ ಸ್ವರೂಪದಲ್ಲಿದೆ: ಸ್ಟಾಲುಗಳು, ಭಾಷಣಗಳು, ಅಡುಗೆಯ ಪ್ರಾತ್ಯಕ್ಷಿಕೆ, ನಂತರ ಎಲ್ಲರೂ ಅವರವರ ಮನೆಗೆ.

ವರ್ಷಕ್ಕೊಮ್ಮೆಯ ಹಬ್ಬ ಮಾಡಲಾಗದ್ದನ್ನು ರೈನ್‌ಬೋ ಗ್ರೋಸರಿ ಮಾಡಿದೆ. 1975ರಲ್ಲಿ ಆಶ್ರಮವೊಂದರ ಸುತ್ತ ಸೇರಿದ್ದ ಜನ ಹುಟ್ಟುಹಾಕಿದ ಈ ದಿನಸಿ ಅಂಗಡಿ ಇಂದಿಗೂ ಕೆಲಸಗಾರರದೇ ಸ್ವತ್ತು, ಅವರದೇ ಆಡಳಿತ. ಸ್ಯಾನ್ ಫ್ರಾನ್ಸಿಸ್ಕೋದ ಫೋಲ್ಸಮ್ ಬೀದಿಯ ಈ ಅಂಗಡಿಯಲ್ಲಿ ಮಾಂಸವಿಲ್ಲ, ಚೀಸ್ ಇದೆ. ಕಟ್ಟಾ ವೀಗನ್ನರಿಗೆ ಇದು ಅರೆಮನಸ್ಸಿನ ಕೆಲಸವಾಗಿ ಕಾಣಬಹುದು. ನಾನು ಹಾಗೆ ನೋಡುವುದಿಲ್ಲ. ಬೇಳೆಕಾಳಿನ ಡಬ್ಬಿಗಳ ಮುಂದೆ ವೀಗನ್ ವಿದ್ಯಾರ್ಥಿ, ಗುಜರಾತಿ ಅಜ್ಜಿ, ಮಿಷನ್ ಬಡಾವಣೆಯ ಮೆಕ್ಸಿಕನ್ ತಾಯಿ ಒಂದೇ ಸಾಲಿನಲ್ಲಿ ನಿಲ್ಲುವುದಕ್ಕೆ ಅಲ್ಲಿ ಜಾಗವಿದೆ. ದುಡಿಯುವವರೇ ಒಡೆಯರಾದ್ದರಿಂದ ಅಲ್ಲಿನ ನೀತಿ ಮಾಲೀಕನೊಬ್ಬನ ಮನಸ್ಸಿಗೆ ಜೋತುಬಿದ್ದಿಲ್ಲ.

ಹೋಟೆಲುಗಳ ಕತೆ ಬೇರೆ. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆರೆದ ಮಿಲೆನಿಯಮ್, ಬಾಣಸಿಗ ಎರಿಕ್ ಟಕರ್ ಅವರ ಕೈಯಲ್ಲಿ ವೀಗನ್ ಅಡುಗೆಗೆ ದೊಡ್ಡ ಹೋಟೆಲಿನ ಮರ್ಯಾದೆ ತಂದುಕೊಟ್ಟಿತು. 2015ರಲ್ಲಿ ಅಲ್ಲಿಂದ ಏಳಬೇಕಾಗಿ ಬಂದಾಗ ಗಿರಾಕಿಗಳೂ ದುಡ್ಡು ಕೊಟ್ಟು ಅದನ್ನು ಓಕ್ಲ್ಯಾಂಡಿನಲ್ಲಿ ಮತ್ತೆ ನಿಲ್ಲಿಸಿದರು. ಅದು ಸಮುದಾಯ. 2004ರಲ್ಲಿ ಶುರುವಾದ ವೀಗನ್ ಹೋಟೆಲು ಕೆಫೆ ಗ್ರಾಟಿಟ್ಯೂಡ್‌ನ ಸ್ಥಾಪಕ ದಂಪತಿ ತಮ್ಮ ತೋಟದಲ್ಲಿ ಮತ್ತೆ ಮಾಂಸ ತಿನ್ನುತ್ತಿದ್ದಾರೆಂದು 2016ರಲ್ಲಿ ಗೊತ್ತಾದಾಗ ಎದ್ದ ಆಕ್ರೋಶವನ್ನೂ ನೆನೆಯಬೇಕು. ಯಾರೋ ಇಬ್ಬರ ತಟ್ಟೆಯ ಮೇಲೆ ಸಾವಿರಾರು ಜನರ ನಂಬಿಕೆ ನಿಂತಿತ್ತು. ತಟ್ಟೆ ಬದಲಾದ ದಿನ ನಂಬಿಕೆ ಕುಸಿಯಿತು. ಸಸ್ಯಗಳಿಂದ ಮಾಂಸದಂಥ ತಿನಿಸು ಮಾಡುವ ಇಂಪಾಸಿಬಲ್ ಫುಡ್ಸ್ ಮುಂತಾದ ಕಂಪನಿಗಳನ್ನು ನಾನು ಈ ತೂಕಕ್ಕೆ ಹಾಕುವುದೇ ಇಲ್ಲ. ಅವು ಸರಕು ಕೊಡುತ್ತವೆ, ಕೊಡಲಿ. ಸರಕಿನಿಂದ ಸಂಗಡಿಗರು ಹುಟ್ಟುವುದಿಲ್ಲ.

ಈ ಸಮುದಾಯದ ನಿಜವಾದ ಪರೀಕ್ಷೆ ನಡೆದದ್ದು ಪೆಟಲೂಮಾದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕಿರುವ ಸೊನೋಮಾ ಕೌಂಟಿಯ ಈ ಊರು ಒಂದು ಕಾಲದಲ್ಲಿ ತನ್ನನ್ನು ಜಗತ್ತಿನ ಮೊಟ್ಟೆಯ ಬುಟ್ಟಿ ಎಂದು ಕರೆದುಕೊಂಡಿತ್ತು. ಮೊಟ್ಟೆಗೆ ಕಾವು ಕೊಡುವ ಯಂತ್ರವೊಂದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲೇ ರೂಪಿಸಿದರು. ಕೋಳಿ, ಬಾತು, ಹಾಲಿನ ಹಸು, ಅಲ್ಲಿನ ಸಂಸಾರಗಳು ತಲೆಮಾರುಗಳಿಂದ ಬದುಕಿದ್ದು ಇವುಗಳ ಮೇಲೆ. ಗೇರಿನಿಂದ ಬೆಣ್ಣೆ, ಚೀಸ್ ಮಾಡುವ ಮಿಯೋಕೋಸ್ ಕೂಡ ಅದೇ ಊರಿನಲ್ಲಿ ಬೆಳೆಯಿತು. 2013ರಲ್ಲಿ ಬೇ ಏರಿಯಾದಲ್ಲಿ ಹುಟ್ಟಿದ, ಮೇಜಿನ ಪ್ರತಿಜ್ಞೆ ತೊಟ್ಟ ಹಲವರಿದ್ದ ಡೈರೆಕ್ಟ್ ಆ್ಯಕ್ಷನ್ ಎವ್ರಿವೇರ್ ಸಂಘಟನೆ ನೂರಾರು ಜನರನ್ನು 2018ರಲ್ಲಿ ಅಲ್ಲಿನ ಮೊಟ್ಟೆ ಫಾರ್ಮಿಗೆ, 2019ರಲ್ಲಿ ಬಾತುಕೋಳಿ ಫಾರ್ಮಿಗೆ ನುಗ್ಗಿಸಿತು. ರೋಗಿಷ್ಠ ಹಕ್ಕಿಗಳನ್ನು ಹೊತ್ತು ತಂದರು, ಬಂಧನಕ್ಕೊಳಗಾದರು. ಸಂಘಟನೆಯ ಸ್ಥಾಪಕರಲ್ಲೊಬ್ಬರಾದ ವೇಯ್ನ್ ಶುಂಗ್ 2023ರಲ್ಲಿ ತಪ್ಪಿತಸ್ಥರೆಂದು ತೀರ್ಪಾಗಿ 90 ದಿನಗಳ ಜೈಲುಶಿಕ್ಷೆ ಪಡೆದರು. ಮುಚ್ಚಿದ ಶೆಡ್ಡುಗಳ ಒಳಗೇನಿದೆ ಎಂದು ತೋರಿಸಲು ಮೈಯೊಡ್ಡಿದ ಧೈರ್ಯ ಇದು, ಅದನ್ನು ಸಣ್ಣದು ಮಾಡಲಾರೆ.

ಆದರೆ 2024ರ ನವೆಂಬರ್‌ನಲ್ಲಿ ಜನರ ಮತ ಕೇಳಿದಾಗ ಏನಾಯಿತು? ದೊಡ್ಡ ಪಶುಸಾಕಣೆ ಫಾರ್ಮುಗಳನ್ನು ನಿಷೇಧಿಸುವ ಪ್ರಸ್ತಾಪ ಬರ್ಕ್ಲಿಯಲ್ಲಿ ಸಲೀಸಾಗಿ ಗೆದ್ದಿತು. ಬರ್ಕ್ಲಿಯಲ್ಲಿ ಅಂಥ ಫಾರ್ಮು ಒಂದೂ ಇಲ್ಲ. ಫಾರ್ಮುಗಳಿರುವ ಸೊನೋಮಾದಲ್ಲಿ ಅದೇ ಬಗೆಯ ಪ್ರಸ್ತಾಪ, ಮೆಷರ್ ಜೆ, ನೂರಕ್ಕೆ ಸುಮಾರು 85 ಮತಗಳ ವಿರೋಧದಿಂದ ಮಣ್ಣುಮುಕ್ಕಿತು. ಉದ್ಯಮ ಸುರಿದ ಹಣವನ್ನು ದೂರಿ ಸುಮ್ಮನಾಗಬಹುದು, ಆ ಹಣ ಸಣ್ಣದೂ ಅಲ್ಲ. ನನಗೆ ಕಾಣುವ ಕಾರಣ ಇನ್ನೂ ಹತ್ತಿರದ್ದು. ಯಾರ ಮೇಜಿನಲ್ಲಿ ಕೂರಲು ಒಲ್ಲೆ ಎಂದಿದ್ದರೋ ಅವರದೇ ಮತ ಬೇಕಾಗಿತ್ತು. ಹಾಲು ಕರೆಯುವವನಿಗೆ, ಫಾರ್ಮಿನಲ್ಲಿ ದುಡಿಯುವ ಮೆಕ್ಸಿಕನ್ ಕೂಲಿಗೆ, ನಾಳೆಯ ಬದುಕಿನ ಬಗ್ಗೆ ನಂಬುವಂಥ ಮಾತನ್ನು ಹೇಳುವವರು ನನಗೆ ಅಲ್ಲಿ ಕಾಣಲಿಲ್ಲ. ಕಡಗ ತೊಟ್ಟ ಕೈಗಳು ಆ ಅಡುಗೆಮನೆಗಳ ಬಾಗಿಲು ತಟ್ಟಿದ್ದರೆ ಗೆಲ್ಲುತ್ತಿದ್ದರು ಎನ್ನುವುದಿಲ್ಲ, ಆದರೆ ಇಷ್ಟು ಹೀನಾಯವಾಗಿ ಸೋಲುತ್ತಿರಲಿಲ್ಲ.

ಈ ಕೊರತೆಯನ್ನು ಮೊದಲೇ ಕಂಡವರು ಇದೇ ಬೇ ಏರಿಯಾದಲ್ಲಿದ್ದರು, ಮತ್ತು ಇಡೀ ಚಳವಳಿಯಲ್ಲಿ ನನಗೆ ಅತ್ಯುತ್ತಮವಾಗಿ ಕಾಣುವ ಕೆಲಸ ಅವರದು. ಲಾರೆನ್ ಒರ್ನೆಲಸ್ ಸ್ಯಾನ್ ಹೋಸೆಯಲ್ಲಿ ಕಟ್ಟಿದ ಫುಡ್ ಎಂಪವರ್‌ಮೆಂಟ್ ಪ್ರಾಜೆಕ್ಟ್ ವೀಗನ್ ಸಂಸ್ಥೆಯೇ. ಆದರೆ ಅದು ಮೊದಲು ಕೇಳಿದ ಪ್ರಶ್ನೆಗಳಲ್ಲೊಂದು, ಬಡವರಿಗೆ ತರಕಾರಿ ಎಲ್ಲಿ ಸಿಗುತ್ತದೆ ಎಂಬುದು. ಸಿಲಿಕಾನ್ ವ್ಯಾಲಿ ಎಂದು ನಾವು ಕರೆಯುವ ಸಾಂತಾ ಕ್ಲಾರಾ ಕೌಂಟಿ ಒಂದು ಕಾಲಕ್ಕೆ ಏಪ್ರಿಕಾಟ್, ಪ್ಲಮ್ ತೋಟಗಳ ಕಣಿವೆ. ಅಲ್ಲೇ ಬಡವರ ಬಡಾವಣೆಗಳಲ್ಲಿ ತಾಜಾ ಹಣ್ಣು ತರಕಾರಿಯ ದೊಡ್ಡ ಅಂಗಡಿಗಳು ಕಡಿಮೆ, ಹೆಂಡದಂಗಡಿಗಳು ಹೆಚ್ಚು ಎಂದು 2010ರಲ್ಲಿ ಅವರ ಸಮೀಕ್ಷೆ ತೋರಿಸಿತು. ಹಾಲಿಲ್ಲದ ಚಾಕೊಲೇಟ್ ಎಂದು ಖುಷಿಪಡುವವರ ಮುಂದೆ ಅವರು ಇನ್ನೊಂದು ಪಟ್ಟಿ ಇಟ್ಟರು: ಪಶ್ಚಿಮ ಆಫ್ರಿಕದಲ್ಲಿ ಮಕ್ಕಳ ದುಡಿಮೆಯಿಂದ ಬಂದ ಕೋಕೋ ಯಾವ ಚಾಕೊಲೇಟಿನಲ್ಲಿ ಇರಬಹುದು ಎಂಬುದರ ಪಟ್ಟಿ. ಹೊಲದ ಕೂಲಿಗಳ ಮಕ್ಕಳಿಗೆ ಶಾಲೆಯ ಚೀಲ, ಪುಸ್ತಕ ಒದಗಿಸುವುದನ್ನೂ ವೀಗನ್ ಕೆಲಸವೆಂದೇ ಎಣಿಸಿದರು. ಲೆಟ್ಯೂಸ್ ಕೊಯ್ಯುವ ಬೆನ್ನಿನ ನೋವನ್ನು ಮರೆತ ತಟ್ಟೆಯನ್ನು ಹಿಂಸೆಯಿಲ್ಲದ ತಟ್ಟೆ ಎನ್ನಲಾಗದು ಎಂಬ ಅವರ ನಿಲುವು ಗಟ್ಟಿಯಾದದ್ದು.

ಓಕ್ಲ್ಯಾಂಡಿನ ಬಾಣಸಿಗ ಬ್ರಯಂಟ್ ಟೆರಿ ಇನ್ನೊಂದು ದಾರಿಯಿಂದ ಬಂದರು. 1969ರಲ್ಲಿ ಕರಿಯರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಓಕ್ಲ್ಯಾಂಡಿನ ಚರ್ಚೊಂದರಲ್ಲಿ ಮಕ್ಕಳಿಗೆ ಉಚಿತ ತಿಂಡಿ ಹಾಕಲು ತೊಡಗಿತ್ತು. ಆ ಪರಂಪರೆಯಿಂದ ಸ್ಫೂರ್ತಿ ಪಡೆದ ಟೆರಿ 2009ರ 'ವೀಗನ್ ಸೋಲ್ ಕಿಚನ್' ಪುಸ್ತಕದಲ್ಲಿ ಕರಿಯ ಅಜ್ಜಿಯರ ಸೊಪ್ಪು, ಕಾಳು, ಬೆಂಡೆ, ಗೆಣಸನ್ನು ಮುಂದೆ ತಂದರು. ವೀಗನ್ ಆಗುವುದೆಂದರೆ ಬಿಳಿಯರ ದುಬಾರಿ ಗೀಳಿಗೆ ಬೀಳುವುದಲ್ಲ, ನಮ್ಮ ಹಿತ್ತಲಿಗೆ ಮರಳುವುದು ಎಂದು ತಮ್ಮ ಜನಕ್ಕೆ ಕಾಣುವಂತೆ ಮಾಡಿದರು. ಈ ಕೆಲಸವನ್ನು ನೋಡಿದಾಗೆಲ್ಲ ನನಗೆ ನಮ್ಮವರ ನೆನಪಾಗುತ್ತದೆ.

ಬೇ ಏರಿಯಾದ ಕನ್ನಡ ಮನೆಗಳಲ್ಲಿ ಸಸ್ಯಾಹಾರಿಗಳು ಬಹಳ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಿಂದ ಇದೆ. ಯುಗಾದಿ, ಗಣೇಶ, ರಾಜ್ಯೋತ್ಸವ ಎಂದು ಜನ ಸೇರುತ್ತಾರೆ. ವೀಗನ್ ಮಾತೆತ್ತಿದರೆ ಇಲ್ಲೇ ಹೆಚ್ಚು ತಡವರಿಕೆ. ನಾವು ಆಗಲೇ ಅಹಿಂಸೆಯವರು ಎಂಬ ನೆಮ್ಮದಿ ನಮ್ಮದು, ಮತ್ತು ಆ ನೆಮ್ಮದಿಯ ಮೇಲೆ ತುಪ್ಪ ಸುರಿದಿದೆ. ಪಂಚಾಮೃತದ ಐದರಲ್ಲಿ ನಾಲ್ಕು, ಹಾಲು, ಮೊಸರು, ತುಪ್ಪ, ಜೇನು, ವೀಗನ್ನರು ಮುಟ್ಟದವು. ಹಸು ಹಾಲು ಕೊಡಬೇಕಾದರೆ ಮತ್ತೆ ಮತ್ತೆ ಕರು ಹಾಕಬೇಕು. ಕ್ಯಾಲಿಫೋರ್ನಿಯಾದ ಡೇರಿಯಲ್ಲಿ ಆ ಕರುವನ್ನು ಹುಟ್ಟಿದ ಕೆಲವೇ ಗಂಟೆ, ದಿನಗಳಲ್ಲಿ ತಾಯಿಯಿಂದ ಬೇರೆ ಮಾಡುತ್ತಾರೆ. ಇಪ್ಪತ್ತು ವರ್ಷ ಬಾಳಬಲ್ಲ ಹಸು ಐದಾರು ವರ್ಷಕ್ಕೆ ಕಸಾಯಿಖಾನೆ ಸೇರುತ್ತದೆ. ಪುಣ್ಯಕೋಟಿಯ ಕತೆ ಕೇಳಿ ಕಣ್ಣು ಒದ್ದೆ ಮಾಡಿಕೊಂಡು ಬೆಳೆದ ನಾವು ಇದನ್ನು ನೋಡಲೇಬೇಕು. ಮಂಡ್ಯದ ಹಳ್ಳಿಯಲ್ಲಿ ಒಂದೇ ಹಸು ಸಾಕಿ ಡೇರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸುವ ಹೆಣ್ಣುಮಗಳನ್ನೂ ಸಾವಿರಾರು ಹಸುಗಳ ಕ್ಯಾಲಿಫೋರ್ನಿಯಾ ಡೇರಿಯನ್ನೂ ಒಂದೇ ಉಸಿರಿನಲ್ಲಿ ಬೈಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಬೇ ಏರಿಯಾದ ಸನ್ನಿವೇಲಿನ ಫ್ರಿಜ್ಜಿನಲ್ಲಿರುವ ಹಾಲಿನ ಕ್ಯಾನು ಆ ಹೆಣ್ಣುಮಗಳ ಕೊಟ್ಟಿಗೆಯಿಂದ ಬಂದದ್ದಲ್ಲ.

ಕನ್ನಡದ ವೀಗನ್ನರಿಗೆ ಇನ್ನೊಂದು ಹೊಣೆಯಿದೆ, ಅದು ಹಾಲಿಗಿಂತ ಭಾರದ್ದು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿದಾಗ ಕೆಲವು ಮಠಗಳು ವಿರೋಧಿಸಿದವು. ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಎದುರಾಡಿದಳು. ಹಸಿದ ಮಗುವಿನ ತಟ್ಟೆಯಿಂದ ಮೊಟ್ಟೆ ಕಿತ್ತುಕೊಳ್ಳುವವರ ಸಾಲಿಗೆ ವೀಗನ್ ಮಾತು ಸೇರಿಹೋದರೆ ಅದು ಮಡಿಯ ಹೊಸ ಅಂಗಿಯಾಗುತ್ತದೆ. ಬೇ ಏರಿಯಾದಲ್ಲೂ ಈ ಮಡಿ ದೂರದ ಸಂಗತಿಯಲ್ಲ. ಜಾತಿತಾರತಮ್ಯವನ್ನು ಹೆಸರಿಸಿ ನಿಷೇಧಿಸುವ ಮಸೂದೆಯನ್ನು ಇಲ್ಲಿನವರೇ ಆದ ರಾಜ್ಯ ಸೆನೆಟರ್ ಆಯಿಷಾ ವಹಾಬ್ 2023ರಲ್ಲಿ ತಂದರು. ಶಾಸನಸಭೆ ಒಪ್ಪಿದ ಆ ಮಸೂದೆಯನ್ನು ಗವರ್ನರ್ ನ್ಯೂಸಮ್ ವೀಟೋ ಮಾಡಿ ತಡೆದರು. ಆ ಚರ್ಚೆಯಲ್ಲಿ ಊಟದ ವಿಷಯವೂ ಬಂತು: ಏನು ತಿನ್ನುತ್ತೀ ಎಂದು ಕೇಳಿ ಜಾತಿ ಅಳೆಯುವ ಅಭ್ಯಾಸ. ಹುಟ್ಟಿನಿಂದ ಬಂದ ಸಸ್ಯಾಹಾರದಲ್ಲಿ ಆ ಅಳತೆ ಅಡಗಿದೆ. ಆಯ್ದುಕೊಂಡ ವೀಗನ್ ಬದುಕಿನಲ್ಲಿ ಅದು ಇರಬೇಕಿಲ್ಲ. ಮೂಳೆಸಾರು ಉಂಡು ಬೆಳೆದವನೂ ಮೊಸರನ್ನ ಉಂಡು ಬೆಳೆದವಳೂ ಇಲ್ಲಿ ಸಮ ಸಮ ಹೊಸಬರು. ವೀಗನ್ ಪಂಕ್ತಿ ನಮ್ಮವರಿಗೆ ಕೊಡಬಲ್ಲ ದೊಡ್ಡ ಕೊಡುಗೆ ಇದೇ.

ಆ ಪಂಕ್ತಿಗೆ ಬೇಕಾದ ಅಡುಗೆ ನಮ್ಮಲ್ಲಿ ಆಗಲೇ ಇದೆ. ರಾಗಿಮುದ್ದೆ, ಉಪ್ಸಾರು, ಬಸ್ಸಾರು, ಹುರುಳಿಕಟ್ಟು, ಜೋಳದ ರೊಟ್ಟಿ, ಗುರೆಳ್ಳು ಪುಡಿ, ಪತ್ರೊಡೆ, ಹಿತಕಬೇಳೆ, ಶಾವಿಗೆಗೆ ಕಾಯಿಹಾಲು. ಇವು ಬಹುಪಾಲು ಹಾಲು ಮಾರಿ ಬದುಕಿದವರ, ಹಾಲೇ ಕಾಣದವರ ಅಡುಗೆ. ಹಬ್ಬದ ಎಲೆಯ ಮೇಲೆ ತುಪ್ಪ ಬಿದ್ದದ್ದು ಉಳ್ಳವರ ಮನೆಯಲ್ಲಿ. ಕನ್ನಡ ಕೂಟದ ಹಬ್ಬದೂಟದಲ್ಲಿ ಒಬ್ಬಟ್ಟನ್ನು ಎಣ್ಣೆಯಲ್ಲಿ ಬೇಯಿಸಿ, ತುಪ್ಪವನ್ನು ಕೇಳಿದವರಿಗೆ ಮಾತ್ರ ಬಡಿಸಿದರೆ ಯಾರ ಹಬ್ಬವೂ ಕೆಡುವುದಿಲ್ಲ. ಬರ್ಕ್ಲಿ, ಡೇವಿಸ್ ವಿಶ್ವವಿದ್ಯಾಲಯಗಳಲ್ಲಿ ಓದುವಾಗ ವೀಗನ್ ಆಗಿ ಮನೆಗೆ ಬರುವ ನಮ್ಮ ಮಕ್ಕಳಿಗೆ ಅಮ್ಮನ ಅಡುಗೆಮನೆಯಲ್ಲಿ ಮೊದಲ ಜಗಳ ಮೊಸರಿನ ಮೇಲೆ ನಡೆಯುತ್ತದೆ. ಮುದ್ದೆ ಸಾರಿನ ಮುಂದೆ ಕೂತರೆ ಜಗಳಕ್ಕೆ ಕಾರಣವೇ ಇರುವುದಿಲ್ಲ. ಬಿ12 ಗುಳಿಗೆಯನ್ನು ಮಕ್ಕಳು ತಪ್ಪದೆ ನುಂಗಲಿ, ಅಮ್ಮಂದಿರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಲಿ; ಹಾಲು ಮೊಸರು ಉಣ್ಣುವ ನಮ್ಮ ಸಸ್ಯಾಹಾರಿಗಳಲ್ಲೂ ಅದರ ಕೊರತೆ ಸಾಮಾನ್ಯ. ವರ್ಲ್ಡ್ ವೆಜ್ ಫೆಸ್ಟಿವಲ್ಲಿನ ಅಡುಗೆ ವೇದಿಕೆಗೆ ರಾಯಚೂರಿನ, ಹಾಸನದ, ಕಾಸರಗೋಡಿನ ಅಡುಗೆ ಬಲ್ಲವರು ಏರಲಿ, ಮುದ್ದೆ ತೊಳಸುವ ಕೋಲು ಹಿಡಿದೇ ಏರಲಿ.